ಫ್ರೀಮಾಂಟ್‌ನಿಂದ ಫ್ರಿಸ್ಕೋಗೆ: ಟ್ಯಾಕ್ಸ್ ಉಳಿಸಲು ಹೊರಟ ನಮ್ಮ ಲೆಕ್ಕ

ಜಾಸ್ತಿ ಟ್ಯಾಕ್ಸ್ ಇರುವ ರಾಜ್ಯದಲ್ಲಿ ಇರುವುದು ಲಾಭವೋ ನಷ್ಟವೋ? ಊರಲ್ಲಿದ್ದಾಗ ಈ ಪ್ರಶ್ನೆಯೇ ನನಗೆ ಬಂದಿರಲಿಲ್ಲ. ನಮ್ಮಲ್ಲಿ ಇನ್‌ಕಮ್ ಟ್ಯಾಕ್ಸ್ ಕೇಂದ್ರ ಸರ್ಕಾರದ್ದು. ಬೆಂಗಳೂರಲ್ಲಿ ದುಡಿದರೂ ಅಷ್ಟೇ, ಹೈದರಾಬಾದಲ್ಲಿ ದುಡಿದರೂ ಅಷ್ಟೇ. ರಾಜ್ಯದ್ದು ಅಂತ ನನ್ನ ಸಂಬಳದ ಚೀಟಿಯಲ್ಲಿ ಕಾಣುತ್ತಿದ್ದದ್ದು ತಿಂಗಳಿಗೆ 200 ರೂಪಾಯಿ ಪ್ರೊಫೆಷನಲ್ ಟ್ಯಾಕ್ಸ್ ಮಾತ್ರ. ಅಮೆರಿಕದಲ್ಲಿ ಹಾಗಲ್ಲ. ಫೆಡರಲ್, ಅಂದರೆ ಕೇಂದ್ರದ ಟ್ಯಾಕ್ಸ್ ಎಲ್ಲರಿಗೂ ಒಂದೇ ರೀತಿ, ಅದರ ಮೇಲೆ ಸ್ಟೇಟ್ ಟ್ಯಾಕ್ಸ್ ಬೇರೆ. ಅದು ನೀವು ಎಲ್ಲಿ ಇದ್ದೀರಿ ಅನ್ನುವುದರ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ಮೇಲಿನ ತುದಿ 13.3 ಪರ್ಸೆಂಟ್. ಟೆಕ್ಸಸ್, ಫ್ಲೋರಿಡಾ, ವಾಷಿಂಗ್ಟನ್ ಸೇರಿ 9 ರಾಜ್ಯಗಳಲ್ಲಿ ಸಂಬಳದ ಮೇಲೆ ಸ್ಟೇಟ್ ಟ್ಯಾಕ್ಸ್ ಸೊನ್ನೆ.

ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೆವು. ಬೇ ಏರಿಯಾದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಕನ್ನಡಿಗರಿಗೆ ಆ ಊರು ಹೇಳಿಕೊಡಬೇಕಾಗಿಲ್ಲ. ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ವರ್ಷಕ್ಕೆ 140 ಸಾವಿರ ಡಾಲರ್ ಸಂಬಳ, ನನಗೆ 120 ಸಾವಿರ. ಇಬ್ಬರದೂ ಸೇರಿಸಿ ಕ್ಯಾಲಿಫೋರ್ನಿಯಾಗೆ ವರ್ಷಕ್ಕೆ ಸುಮಾರು 16 ಸಾವಿರ ಡಾಲರ್ ಇನ್‌ಕಮ್ ಟ್ಯಾಕ್ಸ್ ಹೋಗುತ್ತಿತ್ತು. ಎಸ್‌ಡಿಐ, ಅಂದರೆ ಕಾಯಿಲೆ, ಹೆರಿಗೆ ಅಂತ ರಜೆ ಹಾಕಿದಾಗ ದುಡ್ಡು ಕೊಡುವ ಸ್ಟೇಟ್ ವಿಮೆಗೆ ಇನ್ನೊಂದು ಸುಮಾರು 3 ಸಾವಿರ. ಒಟ್ಟು 19 ಸಾವಿರ. ಯಾರ ಮನೆಗೆ ಊಟಕ್ಕೆ ಹೋದರೂ ಮಾತು ಅಲ್ಲಿಗೇ ಬರುತ್ತಿತ್ತು. "ಡಾಲಸ್‌ಗೆ ಹೋದ್ರೆ ಅಷ್ಟೂ ದುಡ್ಡು ಜೇಬಲ್ಲಿ ಅಲ್ವಾ?" ಅನ್ನುತ್ತಿದ್ದರು. 2022ರ ಶುರುವಿನಲ್ಲಿ ನಮ್ಮವರ ಕಂಪನಿ ಟೆಕ್ಸಸ್ ಆಫೀಸಿಗೆ ಬರುವವರು ಹೆಸರು ಕೊಡಬಹುದು ಅಂದಾಗ ನಾವು ಕೂತು ಲೆಕ್ಕ ಹಾಕಲು ಶುರು ಮಾಡಿದೆವು.

ಲೆಕ್ಕದಲ್ಲಿ ನಾನು ಮೊದಲು ಬರೆದದ್ದು ಟೆಕ್ಸಸ್ ವಿಷಯ ಅಲ್ಲ, ಕ್ಯಾಲಿಫೋರ್ನಿಯಾ ನಮಗೆ ಏನು ಕೊಟ್ಟಿತ್ತು ಅನ್ನುವುದು. ಇದನ್ನು ಯಾರೂ ಊಟದ ಮೇಜಿನಲ್ಲಿ ಹೇಳುವುದಿಲ್ಲ. 2019ರಲ್ಲಿ ಮಗಳು ಹುಟ್ಟಿದಳು. ಡೆಲಿವರಿಗೆ ಮುಂಚೆ 4 ವಾರ, ಸಿಸೇರಿಯನ್ ಆಗಿದ್ದರಿಂದ ಆಮೇಲೆ 8 ವಾರ ಎಸ್‌ಡಿಐ ದುಡ್ಡು ಬಂತು. ಅದು ಮುಗಿದ ಮೇಲೆ ಮಗುವಿನ ಜೊತೆ ಇರಲು 6 ವಾರ ಪೇಯ್ಡ್ ಫ್ಯಾಮಿಲಿ ಲೀವ್. ನಮ್ಮವರಿಗೂ 6 ವಾರ. ಒಂದು ಮಿತಿಯವರೆಗೆ ಸಂಬಳದ 60ರಿಂದ 70 ಪರ್ಸೆಂಟ್ ಕೊಡುತ್ತಿದ್ದರು. ಈಗ ಆ 6 ವಾರ 8 ಆಗಿದೆ, ದುಡ್ಡೂ ಜಾಸ್ತಿ ಆಗಿದೆ. ಇಡೀ ಅಮೆರಿಕದಲ್ಲಿ ಈ ಸೌಲಭ್ಯ ಮೊದಲು ಶುರುವಾದದ್ದೇ ಅಲ್ಲಿ, 2004ರಲ್ಲಿ. ಟೆಕ್ಸಸ್‌ನಲ್ಲಿ ಸ್ಟೇಟ್ ಕಡೆಯಿಂದ ಅಂಥದ್ದು ಇಲ್ಲ. 1993ರ ಫೆಡರಲ್ ಕಾನೂನಿನ 12 ವಾರ ಇದೆ. ಅದರಲ್ಲಿ ಕೆಲಸ ಉಳಿಯುತ್ತದೆ, ಸಂಬಳ ಬರುವುದಿಲ್ಲ. 50 ಜನಕ್ಕಿಂತ ಚಿಕ್ಕ ಕಂಪನಿಯಾದರೆ ಅದೂ ಇಲ್ಲ.

ಆ ದಿನಗಳಲ್ಲಿ ನಮ್ಮತ್ತೆ ಹಾಸನದಿಂದ ಬಂದು ಬಾಣಂತನ ಮಾಡಿದ್ದರು. ಮನೆಯಲ್ಲಿ ಮೂವರು ದೊಡ್ಡವರು, ಯಾರಿಗೂ ಆಫೀಸಿನ ಅವಸರ ಇಲ್ಲ. ನನ್ನ ಜೀವನದಲ್ಲಿ ಅಷ್ಟು ನಿಧಾನವಾದ ಕಾಲ ಇನ್ನೊಂದಿಲ್ಲ. ಪೇ ಸ್ಟಬ್‌ನಲ್ಲಿ ಪ್ರತಿ ಸಲ ಕಟ್ ಆಗುವ ಎಸ್‌ಡಿಐ ನೋಡಿ ಬೈದುಕೊಂಡವರು ಬಹಳ ಜನ. ನಾನು ಬೈಯಲಾರೆ.

ಆದರೆ ಮಗಳಿಗೆ ಮೂರು ವರ್ಷ ಆಗಿತ್ತು. ಇನ್ನೊಂದು ಮಗು ಬೇಡ ಅಂತ ತೀರ್ಮಾನ ಆಗಿತ್ತು. ಎರಡು ಬೆಡ್‌ರೂಮಿನ ಬಾಡಿಗೆ ಮನೆಗೆ ತಿಂಗಳಿಗೆ 3,100 ಡಾಲರ್ ಕೊಡುತ್ತಿದ್ದೆವು. ಅತ್ತೆ ಮಾವ ಬಂದರೆ ಹಾಲ್‌ನಲ್ಲಿ ಹಾಸಿಗೆ. ಅಲ್ಲಿ ಒಂದು ಸ್ವಂತ ಮನೆ ಅಂದರೆ 16 ಲಕ್ಷ ಡಾಲರ್ ಹತ್ತಿರ. ಅದು ನಮ್ಮ ಕೈಗೆ ಎಟುಕುವ ಮಾತೇ ಆಗಿರಲಿಲ್ಲ.

ಟ್ಯಾಕ್ಸ್ ಲೆಕ್ಕಕ್ಕೆ ಮುಂಚೆ ನಮ್ಮಂಥವರು ಹಾಕಬೇಕಾದ ಇನ್ನೊಂದು ಲೆಕ್ಕ ಇದೆ. ಅದು ವೀಸಾದ್ದು. ಇಂಟರ್ನೆಟ್ಟಿನಲ್ಲಿ ಕ್ಯಾಲಿಫೋರ್ನಿಯಾ–ಟೆಕ್ಸಸ್ ಹೋಲಿಕೆ ಎಷ್ಟು ಬೇಕಾದರೂ ಸಿಗುತ್ತದೆ. ಅದನ್ನು ಬರೆಯುವವರು ಇಲ್ಲಿಯ ಸಿಟಿಜನ್‌ಗಳು. ಅವರು ಟ್ರಕ್ ಬುಕ್ ಮಾಡಿದರೆ ಮುಗಿಯಿತು. ನಮ್ಮವರು ಎಚ್-1ಬಿ, ಅಂದರೆ ಕಂಪನಿ ಮಾಡಿಸಿಕೊಡುವ ಕೆಲಸದ ವೀಸಾದವರು. ನಾನು ಎಚ್-4 ಇಎಡಿ, ಅಂದರೆ ಅವರ ಹೆಂಡತಿಯಾಗಿ ಸಿಗುವ ವೀಸಾ ಮತ್ತು ಕೆಲಸದ ಪರವಾನಗಿ ಮೇಲೆ ಕೆಲಸ ಮಾಡುತ್ತಿದ್ದೆ. ಎಚ್-1ಬಿ ಒಂದು ಊರಿಗೆ ಅಂಟಿಕೊಂಡಿರುತ್ತದೆ. ಎಲ್‌ಸಿಎ ಅನ್ನುವ ಕಾಗದದಲ್ಲಿ ಯಾವ ಜಾಗ, ಆ ಜಾಗಕ್ಕೆ ಎಷ್ಟು ಸಂಬಳ ಅಂತ ಬರೆದಿರುತ್ತಾರೆ. ಬೇರೆ ಮೆಟ್ರೋ ಏರಿಯಾಗೆ ಹೋಗಬೇಕಾದರೆ ಹೊಸ ಎಲ್‌ಸಿಎ ಮಾಡಿಸಿ, ಅಮೆಂಡ್‌ಮೆಂಟ್ ಅರ್ಜಿ ಹಾಕಲೇಬೇಕು. 2015ರ ಒಂದು ತೀರ್ಪಿನ ಮೇಲೆ ಇದು ಖಡಾಖಂಡಿತ ನಿಯಮ ಆಯಿತು. ಅರ್ಜಿ ಸರ್ಕಾರಕ್ಕೆ ಸೇರಿದ ಮೇಲೆಯೇ ಹೊಸ ಜಾಗದಲ್ಲಿ ಕೆಲಸ ಶುರು ಮಾಡಬೇಕು. "ಮೊದಲು ಹೋಗಿ ಸೇರಿಕೊಳ್ಳಿ, ಆಮೇಲೆ ಕಾಗದ ನೋಡೋಣ" ಅಂತ ಮ್ಯಾನೇಜರ್ ಹೇಳಿದರೂ ಕೇಳಬೇಡಿ.

ಗ್ರೀನ್ ಕಾರ್ಡ್ ಕಥೆ ಇನ್ನೂ ದೊಡ್ಡದು. ಅದರ ಮೊದಲ ಹೆಜ್ಜೆ ಪರ್ಮ್, ಅಂದರೆ ಈ ಕೆಲಸಕ್ಕೆ ಇಲ್ಲಿಯವರು ಸಿಗುತ್ತಿಲ್ಲ ಅಂತ ಕಂಪನಿ ಲೇಬರ್ ಇಲಾಖೆಯಿಂದ ಪಡೆಯುವ ಒಪ್ಪಿಗೆ. ಅದೂ ಊರಿಗೆ ಅಂಟಿದ್ದು. ಆಮೇಲಿನ ಹೆಜ್ಜೆ ಐ-140, ಅಂದರೆ ಕಂಪನಿ ಹಾಕುವ ಗ್ರೀನ್ ಕಾರ್ಡ್ ಅರ್ಜಿ. ನಮ್ಮವರದ್ದು 2016ರಲ್ಲೇ ಅಪ್ರೂವ್ ಆಗಿತ್ತು. ಹಾಗಾಗಿ ಪ್ರಯಾರಿಟಿ ಡೇಟ್ ಎಲ್ಲೂ ಹೋಗುವುದಿಲ್ಲ, ಸರದಿಯಲ್ಲಿ ನಮ್ಮ ಜಾಗ ನಮಗೇ. ಆದರೆ ಟೆಕ್ಸಸ್ ಕೆಲಸಕ್ಕೆ ಹೊಸದಾಗಿ ಪರ್ಮ್, ಹೊಸದಾಗಿ ಐ-140 ಆಗಬೇಕು. ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ ಅಂತ ಲಾಯರ್ ಮೊದಲೇ ಹೇಳಿದರು. ಭಾರತದವರಿಗೆ ಇಬಿ-2 ವರ್ಗದ ಗ್ರೀನ್ ಕಾರ್ಡ್ ಸರದಿ ಹೇಗೂ ವರ್ಷಗಟ್ಟಲೆ ಇದ್ದದ್ದರಿಂದ ನಮಗೆ ಸಮಯ ಇತ್ತು. ಐ-140 ಆಗದೇ ಇದ್ದಿದ್ದರೆ, 19 ಸಾವಿರ ಅಲ್ಲ, 40 ಸಾವಿರ ಉಳಿಯುತ್ತದೆ ಅಂದರೂ ನಾನು ಹೊರಡುತ್ತಿರಲಿಲ್ಲ.

ಆಮೇಲೆ ನನ್ನ ಕೆಲಸ. ನನ್ನ ಕಂಪನಿ ಕ್ಯಾಲಿಫೋರ್ನಿಯಾದ್ದು. ರಿಮೋಟ್ ಆಗಿ ಮುಂದುವರಿಸಬಹುದು ಅಂದರು. ಟೆಕ್ಸಸ್‌ನಲ್ಲಿ ಕೂತು ಕೆಲಸ ಮಾಡಿದರೆ ಕ್ಯಾಲಿಫೋರ್ನಿಯಾ ಆ ಸಂಬಳಕ್ಕೆ ಟ್ಯಾಕ್ಸ್ ಕೇಳುವುದಿಲ್ಲ. ನ್ಯೂಯಾರ್ಕ್ ಕಂಪನಿಯಲ್ಲಿದ್ದರೆ ಎಚ್ಚರ ಇರಲಿ. ಅವರ ನಿಯಮ ಬೇರೆ. ಕಂಪನಿಯ ಅಗತ್ಯಕ್ಕಲ್ಲದೆ ನಿಮ್ಮ ಅನುಕೂಲಕ್ಕೆ ಹೊರಗೆ ಕೂತಿದ್ದರೆ ಅವರು ಟ್ಯಾಕ್ಸ್ ಹಿಡಿಯುತ್ತಾರೆ. ನನಗೆ ಆ ತೊಂದರೆ ಇರಲಿಲ್ಲ. ಆದರೆ ಕಂಪನಿ ಸಂಬಳವನ್ನು ಟೆಕ್ಸಸ್ ಲೆಕ್ಕಕ್ಕೆ ಇಳಿಸಿತು. 120 ಸಾವಿರ ಇದ್ದದ್ದು 110 ಆಯಿತು. ಕೈಗೆ ಬರುವುದರಲ್ಲಿ 7 ಸಾವಿರದಷ್ಟು ಕಮ್ಮಿ. ಹೊರಡುವ ಮುಂಚೆಯೇ ಉಳಿತಾಯದ ಮೂರನೇ ಒಂದು ಭಾಗ ಹೋಯಿತು ಅನ್ನಿ.

ಇನ್ನು ಮನೆ. ಡಾಲಸ್‌ನ ಉತ್ತರಕ್ಕೆ ಇರುವ ಫ್ರಿಸ್ಕೋ ಊರಲ್ಲಿ ನಾಲ್ಕು ಬೆಡ್‌ರೂಮಿನ ಮನೆ 620 ಸಾವಿರ ಡಾಲರಿಗೆ ಸಿಕ್ಕಿತು. ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನ ಹತ್ತಿರ. ಅಲ್ಲಿ ಪ್ರಾಪರ್ಟಿ ಟ್ಯಾಕ್ಸ್ 2 ಪರ್ಸೆಂಟಿಗೆ ಸ್ವಲ್ಪ ಕಮ್ಮಿ. ಸ್ಕೂಲ್ ಡಿಸ್ಟ್ರಿಕ್ಟ್, ಸಿಟಿ, ಕೌಂಟಿ, ಕಾಲೇಜು ಎಲ್ಲರ ಪಾಲೂ ಸೇರಿ ನಮಗೆ ವರ್ಷಕ್ಕೆ 11 ಸಾವಿರ. ಟೆಕ್ಸಸ್‌ಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ, 2019ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು ಅದನ್ನು ತರದ ಹಾಗೆ ಮಾಡಿಕೊಂಡಿದ್ದಾರೆ. ಹಾಗಂತ ಶಾಲೆ ನಡೆಸಲು, ರಸ್ತೆ ಮಾಡಲು ದುಡ್ಡು ಬೇಕಲ್ಲ. ಅದು ಮನೆಯ ಮೇಲೆ ಬರುತ್ತದೆ. ಹೊಸ ಲೇಔಟುಗಳಲ್ಲಿ ನೀರು ಚರಂಡಿಗೆ ಮಡ್ ಅಂತ ಇನ್ನೊಂದು ಟ್ಯಾಕ್ಸ್ ಸೇರಿಸಿ ಎರಡೂವರೆ ಪರ್ಸೆಂಟ್ ಮುಟ್ಟುವುದೂ ಇದೆ. ಮನೆ ನೋಡುವಾಗ ಅಡುಗೆಮನೆ ಎಷ್ಟು ದೊಡ್ಡದು ಅಂತ ಕೇಳುವ ಮುಂಚೆ ಇದನ್ನು ಕೇಳಬೇಕು.

ಕೂಡಿ ಕಳೆದು ನೋಡಿ. 19ರಲ್ಲಿ ನನ್ನ ಸಂಬಳದ 7 ಹೋಯಿತು, ಪ್ರಾಪರ್ಟಿ ಟ್ಯಾಕ್ಸ್‌ಗೆ 11 ಹೋಯಿತು. ಉಳಿದದ್ದು 1 ಸಾವಿರ. ಮನೆಯ ಇನ್ಶೂರೆನ್ಸ್ ಅದಕ್ಕಿಂತ ಜಾಸ್ತಿ. ಮನೆಗೆ ಆಗುವ ತಿಂಗಳ ಖರ್ಚು 3,100 ಡಾಲರ್ ಬಾಡಿಗೆಯಿಂದ 4 ಸಾವಿರ ದಾಟಿತು.

ಆದರೂ ಹೊರಟೆವು. ಯಾಕೆಂದರೆ ಅದೇ ಲೆಕ್ಕ ಇನ್ನೊಂದು ವಿಷಯವನ್ನೂ ಹೇಳುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ 1978ರ ಪ್ರಾಪ್ 13 ಪ್ರಕಾರ ಪ್ರಾಪರ್ಟಿ ಟ್ಯಾಕ್ಸ್‌ನ ಮೂಲ ದರ 1 ಪರ್ಸೆಂಟ್. ಟ್ಯಾಕ್ಸ್‌ಗೆ ಹಿಡಿಯುವ ಬೆಲೆ ವರ್ಷಕ್ಕೆ 2 ಪರ್ಸೆಂಟಿಗಿಂತ ಏರುವ ಹಾಗಿಲ್ಲ. ಕೇಳಲು ಚೆಂದ. ಹಳೆಯ ಕಾಲದಲ್ಲಿ ಕೊಂಡವರಿಗೆ ನಿಜಕ್ಕೂ ಚೆಂದ. ಆದರೆ ಇವತ್ತು 16 ಲಕ್ಷಕ್ಕೆ ಕೊಳ್ಳುವವರಿಗೆ ಸ್ಥಳೀಯ ಸೇರ್ಪಡೆ ಎಲ್ಲಾ ಹಿಡಿದು 18 ಸಾವಿರ ಡಾಲರ್ ಬರುತ್ತದೆ. ಪಕ್ಕದ ಮನೆಯಲ್ಲಿ 80ರ ದಶಕದಿಂದ ಇರುವವರು ಅದರ ಒಂದು ಚೂರು ಕಟ್ಟುತ್ತಿರುತ್ತಾರೆ. ದರ ಅರ್ಧ ಇದ್ದರೂ ಕಟ್ಟುವ ದುಡ್ಡು ನಮ್ಮ ಟೆಕ್ಸಸ್ ಮನೆಗಿಂತ ಜಾಸ್ತಿ. ನಮ್ಮನ್ನು ಅಲ್ಲಿಂದ ಎಬ್ಬಿಸಿದ್ದು ಟ್ಯಾಕ್ಸ್ ಅನ್ನುವುದಕ್ಕಿಂತ ಮನೆಯ ಬೆಲೆ. ಈ ಎರಡನ್ನೂ ಕಲಸಿ ಮಾತಾಡುವುದರಿಂದಲೇ ಬಹಳ ಜನ ತಪ್ಪು ನಿರೀಕ್ಷೆ ಇಟ್ಟುಕೊಂಡು ಹೊರಡುತ್ತಾರೆ ಅಂತ ನನಗೆ ಅನ್ನಿಸುತ್ತದೆ.

2022ರ ಜೂನ್ ಕೊನೆಗೆ ಹೊರಟೆವು. ಅರಿಜೋನಾ, ನ್ಯೂ ಮೆಕ್ಸಿಕೋ ದಾಟಿ, ಅಮರಿಲ್ಲೋ ಮೂಲಕ ಕಾರಲ್ಲೇ ಬಂದೆವು. ಬಂದ 30 ದಿನದೊಳಗೆ ಕಾರು ರಿಜಿಸ್ಟ್ರೇಷನ್, 90 ದಿನದೊಳಗೆ ಡ್ರೈವಿಂಗ್ ಲೈಸೆನ್ಸ್. ಬೇರೆ ರಾಜ್ಯದಿಂದ ತಂದ ಕಾರಿಗೆ ಹೊಸ ನಿವಾಸಿಗಳ ಟ್ಯಾಕ್ಸ್ ಒಂದಕ್ಕೆ 90 ಡಾಲರ್, ಅಷ್ಟೇ. ಬೆಂಗಳೂರಲ್ಲಿ ನನ್ನ ತಮ್ಮ 20 ಲಕ್ಷ ದಾಟಿದ ಕಾರಿಗೆ 18 ಪರ್ಸೆಂಟ್ ಲೈಫ್ ಟ್ಯಾಕ್ಸ್, ಅದರ ಮೇಲೆ ಸೆಸ್ ಕಟ್ಟಿದವನು. ಇದನ್ನು ಕೇಳಿ ಅವನಿಗೆ ನಂಬಲಾಗಲಿಲ್ಲ.

ಲೈಸೆನ್ಸಿಗೆ ಮಾತ್ರ ಬೇಗ ಸಮಯ ಹಿಡಿಯಿರಿ. ವೀಸಾದವರ ಕಾಗದವನ್ನು ಅವರು ಫೆಡರಲ್ ಕಂಪ್ಯೂಟರಿನಲ್ಲಿ ಹೊಂದಿಸಿ ನೋಡುತ್ತಾರೆ, ಕೆಲವೊಮ್ಮೆ ತಡ ಆಗುತ್ತದೆ. ಲೈಸೆನ್ಸಿನಲ್ಲಿ ಹೊಸ ಮನೆಯ ವಿಳಾಸ ಇದ್ದರೇನೇ ಮನೆಗೆ ಹೋಮ್‌ಸ್ಟೆಡ್ ವಿನಾಯಿತಿ, ಅಂದರೆ ವಾಸದ ಸ್ವಂತ ಮನೆಗೆ ಪ್ರಾಪರ್ಟಿ ಟ್ಯಾಕ್ಸ್‌ನಲ್ಲಿ ಕೊಡುವ ರಿಯಾಯಿತಿ, ಸಿಗುವುದು. ಒಂದಕ್ಕೊಂದು ಕೊಂಡಿ.

ಕ್ಯಾಲಿಫೋರ್ನಿಯಾ ಬಿಟ್ಟು ಬಂದರೂ ಅಲ್ಲಿಯ ಟ್ಯಾಕ್ಸ್ ಇಲಾಖೆ ನಮ್ಮನ್ನು ಕೂಡಲೇ ಬಿಡಲಿಲ್ಲ. ಇದು ನ್ಯಾಯವಾದ ನಿಯಮವೇ. ಆದರೆ ಮೊದಲೇ ಗೊತ್ತಿರಬೇಕು. ಆ ವರ್ಷ 540ಎನ್‌ಆರ್ ಅನ್ನುವ ಫಾರಂ ತುಂಬಿದೆವು. ಅರ್ಧ ವರ್ಷ ಅಲ್ಲಿಯ ನಿವಾಸಿ, ಅರ್ಧ ವರ್ಷ ಅಲ್ಲ. ಲೀಸ್ ಮುಗಿಸಿದ ಕಾಗದ, ಟೆಕ್ಸಸ್ ಲೈಸೆನ್ಸು, ಮನೆ ಕೊಂಡ ಪತ್ರ, ಮಗಳ ಪ್ರೀ-ಸ್ಕೂಲ್ ರಸೀದಿ, ಡಾಕ್ಟರ್ ಬದಲಾಯಿಸಿದ್ದು, ಎಲ್ಲಾ ಸೇರಿಸಿ ದಪ್ಪದ ಒಂದು ಫೈಲ್ ಇಟ್ಟುಕೊಂಡಿದ್ದೇನೆ. ನಿಮ್ಮ ಬದುಕಿನ ನಂಟು ನಿಜವಾಗಿ ಎಲ್ಲಿದೆ ಅಂತ ಅವರು ನೋಡುತ್ತಾರೆ. ಫ್ರೀಮಾಂಟಲ್ಲಿ ಮನೆ ಹಾಗೇ ಇಟ್ಟುಕೊಂಡು, ಮಕ್ಕಳನ್ನು ಅಲ್ಲಿಯೇ ಓದಿಸುತ್ತಾ, ವಿಳಾಸ ಮಾತ್ರ ಟೆಕ್ಸಸ್ ಮಾಡಿದರೆ ನಡೆಯುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ತಲೆ ತಿಂದದ್ದು ಆರ್‌ಎಸ್‌ಯು, ಅಂದರೆ ಕಂಪನಿ ಕೊಟ್ಟ ಷೇರುಗಳು. ನಮ್ಮವರಿಗೆ 2021ರ ಫೆಬ್ರವರಿಯಲ್ಲಿ ಒಂದಷ್ಟು ಬರೆದುಕೊಟ್ಟಿದ್ದರು. ಅದರ ಒಂದು ಕಂತು 2023ರ ಫೆಬ್ರವರಿಯಲ್ಲಿ ಕೈಗೆ ಬಂತು. ಆಗ ನಾವು ಟೆಕ್ಸಸ್‌ನವರು. ಪೂರ್ತಿ ಟ್ಯಾಕ್ಸ್ ಇಲ್ಲ ಅಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ. ಷೇರು ಬರೆದುಕೊಟ್ಟ ದಿನದಿಂದ ಕೈಗೆ ಬಂದ ದಿನದವರೆಗೆ ಎಷ್ಟು ಕೆಲಸದ ದಿನ ಕ್ಯಾಲಿಫೋರ್ನಿಯಾದಲ್ಲಿ ಕಳೆದಿರಿ, ಅಷ್ಟು ಪಾಲಿಗೆ ಅಲ್ಲಿ ಟ್ಯಾಕ್ಸ್. ನಮ್ಮದರಲ್ಲಿ ಮೂರನೇ ಎರಡು ಪಾಲು ಅಲ್ಲಿಯದ್ದೇ ಆಯಿತು. 2023ಕ್ಕೂ ಅಲ್ಲಿ ರಿಟರ್ನ್ ಹಾಕಬೇಕಾಯಿತು. ಹೊರಡುವವರು ಯಾವ ಷೇರು ಯಾವಾಗ ಬರುತ್ತದೆ ಅಂತ ಪಟ್ಟಿ ಮಾಡಿ, ಕೆಲಸದ ದಿನಗಳ ಕ್ಯಾಲೆಂಡರ್ ಜೊತೆಗಿಟ್ಟುಕೊಳ್ಳಿ. 401ಕೆ, ಅಂದರೆ ಕಂಪನಿಯ ಮೂಲಕ ನಿವೃತ್ತಿಗೆ ಕೂಡಿಡುವ ಖಾತೆಯ ವಿಷಯದಲ್ಲಿ ಮಾತ್ರ ನೆಮ್ಮದಿ. ಅಲ್ಲಿದ್ದಾಗ ಕೂಡಿಟ್ಟದ್ದಾದರೂ, ಮುಂದೆ ನಿವೃತ್ತಿಯಲ್ಲಿ ಬೇರೆ ರಾಜ್ಯದಲ್ಲಿದ್ದು ತೆಗೆದರೆ ಕ್ಯಾಲಿಫೋರ್ನಿಯಾ ಕೇಳುವ ಹಾಗಿಲ್ಲ. 1996ರ ಫೆಡರಲ್ ಕಾನೂನು ಅದನ್ನು ತಡೆದಿದೆ.

2023ರ ವಸಂತದಲ್ಲಿ ಅಪ್ರೈಸಲ್ ನೋಟಿಸ್ ಬಂತು. ಟೆಕ್ಸಸ್‌ನಲ್ಲಿ ಮನೆ ಇರುವವರಿಗೆ ಇದೊಂದು ವಾರ್ಷಿಕ ಕೆಲಸ. ಜನವರಿ 1ಕ್ಕೆ ನಿಮ್ಮ ಮನೆ ಇಷ್ಟು ಬಾಳುತ್ತದೆ ಅಂತ ಟ್ಯಾಕ್ಸ್‌ಗೆ ಬೆಲೆ ಕಟ್ಟುವ ಅಪ್ರೈಸಲ್ ಆಫೀಸಿನವರು ಬರೆದು ಕಳಿಸುತ್ತಾರೆ. ನಮ್ಮದಕ್ಕೆ 655 ಸಾವಿರ ಅಂದಿದ್ದರು. ಆ ಬೆಲೆ ಒಪ್ಪದಿದ್ದರೆ ಸಾಮಾನ್ಯವಾಗಿ ಮೇ 15ರೊಳಗೆ ಪ್ರೊಟೆಸ್ಟ್ ಹಾಕಬೇಕು. 2022ರ ಕೊನೆಗೆ ಬಡ್ಡಿ ಏರಿ ಮನೆಗಳ ಬೆಲೆ ಇಳಿದಿತ್ತು. ನಾವು ಮನೆ ಕೊಂಡಾಗಿನ ಕ್ಲೋಸಿಂಗ್ ಪತ್ರ ಹಾಕಿದೆವು. ಟೆಕ್ಸಸ್‌ನಲ್ಲಿ ಮಾರಾಟದ ಬೆಲೆ ಸರ್ಕಾರಿ ದಾಖಲೆಯಲ್ಲಿ ಬಹಿರಂಗ ಇರುವುದಿಲ್ಲ. ಹಾಗಾಗಿ ನಮ್ಮ ಏಜೆಂಟ್ ಹತ್ತಿರ ಅಕ್ಕಪಕ್ಕದ ಬೀದಿಯ ಮಾರಾಟಗಳ ವಿವರ ಕೇಳಿ ತೆಗೆದುಕೊಂಡೆವು. ಗ್ಯಾರೇಜಿನ ಗೋಡೆಯ ಬಿರುಕಿನ ಫೋಟೋ ಕೂಡ ಸೇರಿಸಿದೆವು. ವಿಚಾರಣೆಗೆ ಮುಂಚೆಯೇ ಅವರ ಕಡೆಯ ಅಧಿಕಾರಿ ಸಮಾಧಾನವಾಗಿ ಎಲ್ಲಾ ನೋಡಿ 610ಕ್ಕೆ ಇಳಿಸಿದರು. ಏಜೆನ್ಸಿಗಳು ಉಳಿಸಿದ ದುಡ್ಡಿನಲ್ಲಿ ಪಾಲು ತೆಗೆದುಕೊಂಡು ಈ ಕೆಲಸ ಮಾಡಿಕೊಡುತ್ತವೆ. ನೀವೇ ಮಾಡಿ, ಕಷ್ಟ ಏನಿಲ್ಲ.

ಅದೇ ವರ್ಷ ಟೆಕ್ಸಸ್ ಸರ್ಕಾರದ ಹತ್ತಿರ ದೊಡ್ಡ ಮೊತ್ತ ಮಿಕ್ಕಿತ್ತು. ಶಾಲೆಯ ಟ್ಯಾಕ್ಸ್‌ಗೆ ಹೋಮ್‌ಸ್ಟೆಡ್ ವಿನಾಯಿತಿ 40 ಸಾವಿರದಿಂದ 1 ಲಕ್ಷ ಡಾಲರಿಗೆ ಏರಿತು, ನವೆಂಬರಿನಲ್ಲಿ ಜನ ಮತ ಹಾಕಿ ಒಪ್ಪಿದರು. 2025ರಲ್ಲಿ ಅದು 140 ಸಾವಿರ ಆಯಿತು. ನಮ್ಮ ಬಿಲ್ 11ರಿಂದ 9 ಸಾವಿರದ ಹತ್ತಿರಕ್ಕೆ ಬಂತು. ಇದು ಸ್ವಂತ ಮನೆಯವರಿಗೆ ಮಾತ್ರ. ಬಾಡಿಗೆಯವರಿಗೆ ಇದರಲ್ಲಿ ಏನೂ ಇಲ್ಲ.

ಇಲ್ಲಿ ನನಗೆ ಒಂದು ಮಾತು ಹೇಳಲೇಬೇಕು ಅನ್ನಿಸುತ್ತದೆ. ನಾವು ಟ್ಯಾಕ್ಸ್ ಇಲ್ಲದ ಸ್ಟೇಟ್ ಅಂತ ಹೇಳುವುದು ನಮ್ಮ ಸಂಬಳ ನೋಡಿಕೊಂಡು. ಮಗಳ ಡೇಕೇರ್‌ನಲ್ಲಿ ಕೆಲಸ ಮಾಡುವ ಹುಡುಗಿಗೆ ಕ್ಯಾಲಿಫೋರ್ನಿಯಾದಲ್ಲೂ ಇನ್‌ಕಮ್ ಟ್ಯಾಕ್ಸ್ ಹೆಚ್ಚು ಕಮ್ಮಿ ಬರುತ್ತಲೇ ಇರಲಿಲ್ಲ. ಇಲ್ಲಿ ಅವಳು ಅಂಗಡಿಯಲ್ಲಿ 8.25 ಪರ್ಸೆಂಟ್ ಸೇಲ್ಸ್ ಟ್ಯಾಕ್ಸ್ ಕಟ್ಟುತ್ತಾಳೆ, ಬಾಡಿಗೆಯ ಒಳಗೆ ಮಾಲೀಕನ ಪ್ರಾಪರ್ಟಿ ಟ್ಯಾಕ್ಸ್ ಕಟ್ಟುತ್ತಾಳೆ. ಐಟೆಪ್ ಅನ್ನುವ ವಾಷಿಂಗ್ಟನ್ ಡಿ.ಸಿ.ಯ ಸಂಸ್ಥೆ 2024ರ ಜನವರಿಯಲ್ಲಿ ಎಲ್ಲ ರಾಜ್ಯಗಳ ಲೆಕ್ಕ ತೆಗೆದಿತ್ತು. ಆದಾಯಕ್ಕೆ ಹೋಲಿಸಿದರೆ ಶ್ರೀಮಂತರಿಗಿಂತ ಬಡವರ ಮೇಲೆ ಅತಿ ಹೆಚ್ಚು ಭಾರ ಹಾಕುವ 10 ರಾಜ್ಯಗಳಲ್ಲಿ ಟೆಕ್ಸಸ್ ಒಂದು. ಕ್ಯಾಲಿಫೋರ್ನಿಯಾ ಇನ್ನೊಂದು ತುದಿಯಲ್ಲಿದೆ. ದೇಶದಲ್ಲಿ ಹೆಲ್ತ್ ಇನ್ಶೂರೆನ್ಸ್ ಇಲ್ಲದವರ ಪ್ರಮಾಣ ಅತಿ ಜಾಸ್ತಿ ಇರುವುದೂ ಟೆಕ್ಸಸ್‌ನಲ್ಲೇ. ನಮ್ಮ ಉಳಿತಾಯದ ಮಾತು ಆಡುವಾಗ ಇದು ನನ್ನ ಮನಸ್ಸಲ್ಲಿ ಇದ್ದೇ ಇರುತ್ತದೆ.

ಉಳಿದ ಖರ್ಚುಗಳನ್ನು ಬೇಗ ಹೇಳುತ್ತೇನೆ. ಪೆಟ್ರೋಲ್ ಇಲ್ಲಿ ಗ್ಯಾಲನ್‌ಗೆ ಒಂದು ಡಾಲರಿಗಿಂತ ಜಾಸ್ತಿ ಅಗ್ಗ. ಕರೆಂಟ್ ಯೂನಿಟ್ ದರ ಅರ್ಧಕ್ಕಿಂತ ಕಮ್ಮಿ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏಸಿ ನಿಲ್ಲಿಸುವ ಹಾಗಿಲ್ಲ. ಟೋಲ್ ರಸ್ತೆ ಬಿಟ್ಟು ಓಡಾಡುವುದು ಕಷ್ಟ. ದೊಡ್ಡ ಪೆಟ್ಟು ಆಲಿಕಲ್ಲಿನದ್ದು. ಒಂದು ಸಂಜೆಯ ಮಳೆಗೆ ಇಡೀ ಬೀದಿಯ ಛಾವಣಿ ಹಾಳಾಯಿತು. ನಮ್ಮ ಪಾಲಿಸಿಯಲ್ಲಿ ಗಾಳಿ, ಆಲಿಕಲ್ಲಿಗೆ ಡಿಡಕ್ಟಿಬಲ್ 2 ಪರ್ಸೆಂಟ್. ಆ 2 ಪರ್ಸೆಂಟ್ ಮನೆಯ ಮೌಲ್ಯದ್ದು. 5 ಲಕ್ಷಕ್ಕೆ ವಿಮೆ ಇಳಿಸಿದ್ದರೆ ಮೊದಲ 10 ಸಾವಿರ ನಿಮ್ಮದೇ. ಬೇ ಏರಿಯಾದಲ್ಲೂ ಪ್ರಕೃತಿ ಸುಮ್ನೆ ಬಿಟ್ಟಿರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕಾಡ್ಗಿಚ್ಚಿನ ಹೊಗೆಗೆ ಹಗಲಲ್ಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ನಾವು ನೋಡಿದ್ದೇವೆ.

ಕೆಲಸದ ವಿಷಯಕ್ಕೆ ಬರುತ್ತೇನೆ. ಈ ಇಡೀ ಕಥೆಯಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಅಲ್ಲಿಯೇ. 2023ರ ಕೊನೆಗೆ ನಮ್ಮವರ ತಂಡವನ್ನು ಕಂಪನಿ ಮುಚ್ಚಿತು. ಎಚ್-1ಬಿ ಇರುವವರಿಗೆ ಕೆಲಸ ಹೋದ ಮೇಲೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು. ನನ್ನ ಎಚ್-4 ಅವರ ವೀಸಾದ ಮೇಲೆ ನಿಂತದ್ದು. ಅವರದ್ದು ಹೋದರೆ ನನ್ನ ಕೆಲಸವೂ ಹೋಯಿತು. ಟೆಕ್ಸಸ್ ಪರ್ಮ್ ಅರ್ಧದಲ್ಲಿತ್ತು, ಅದು ಅಲ್ಲಿಗೇ ನಿಂತಿತು. ಕೈಗೆ ಬಾರದ ಷೇರು ಅಷ್ಟೂ ಹೋಯಿತು.

ಫ್ರೀಮಾಂಟ್‌ನಲ್ಲಿ ಇದ್ದಿದ್ದರೆ? ಮನೆ ಬದಲಾಯಿಸದೆ ಕಾರಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಅವರ ಕೆಲಸಕ್ಕೆ ಹೊಂದುವ ಕಂಪನಿಗಳು ಎಷ್ಟೋ. ಅವರದ್ದು ಚಿಪ್ ವಿನ್ಯಾಸದ ಕೆಲಸ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕೆಲಸ ಬಿಟ್ಟು ಎದುರಾಳಿ ಕಂಪನಿಗೆ ಸೇರಬಾರದು ಅನ್ನುವ ಕರಾರು ಕ್ಯಾಲಿಫೋರ್ನಿಯಾದಲ್ಲಿ ನಡೆಯುವುದಿಲ್ಲ. 1872ರಿಂದಲೂ ಹಾಗೆ. ಟೆಕ್ಸಸ್‌ನಲ್ಲಿ ಕರಾರು ಮಿತಿಯಲ್ಲಿದ್ದರೆ ಕೋರ್ಟು ಒಪ್ಪುತ್ತದೆ. ಟ್ಯಾಕ್ಸ್ ಕಟ್ಟಿದ್ದಕ್ಕೇ ಅಲ್ಲಿ ಕೆಲಸಗಳು ಹುಟ್ಟಿದವು ಅಂತ ನಾನು ಹೇಳುವುದಿಲ್ಲ. ಆದರೆ ಆ ಟ್ಯಾಕ್ಸ್ ಇರುವ ಜಾಗದಲ್ಲಿಯೇ ಆ ಕೆಲಸಗಳೂ ಇವೆ. ಒಂದನ್ನು ಬಿಟ್ಟಾಗ ಇನ್ನೊಂದನ್ನೂ ಬಿಟ್ಟ ಹಾಗೆ.

ಆ ವಾರಗಳು ಹೇಗಿದ್ದವು ಅಂತ ವಿವರಿಸಲು ನನಗೆ ಈಗಲೂ ಇಷ್ಟ ಇಲ್ಲ. ಡಾಲಸ್‌ನ ಮಲ್ಲಿಗೆ ಕನ್ನಡ ಸಂಘದ ಮೂಲಕ ಪರಿಚಯ ಆಗಿದ್ದ ಹಿರಿಯರೊಬ್ಬರು ತಮಗೆ ಗೊತ್ತಿದ್ದ ಕಡೆಯೆಲ್ಲ ರೆಸ್ಯೂಮೆ ಕಳಿಸಿದರು. "ನೀನು ಹೆದರಬೇಡಮ್ಮ, ಮಗುಗೆ ಹೊತ್ತಿಗೆ ಸರಿಯಾಗಿ ಊಟ ಕೊಡು, ಮಿಕ್ಕಿದ್ದು ನೋಡೋಣ" ಅಂತ ನನಗೆ ದಿನಾ ಫೋನ್ ಮಾಡುತ್ತಿದ್ದರು. ಗಡುವು ಮುಗಿಯುವ ಸ್ವಲ್ಪ ಮುಂಚೆ ಪಕ್ಕದ ಊರು ಪ್ಲೇನೋದಲ್ಲಿ ಒಂದು ಕೆಲಸ ಸಿಕ್ಕಿತು. ಚಿಪ್ ಬಿಟ್ಟು ಸಾಫ್ಟ್‌ವೇರ್ ಟೆಸ್ಟಿಂಗ್ ಕಡೆಗೆ ಹೊರಳಬೇಕಾಯಿತು, ಸಂಬಳ ಕಮ್ಮಿ. ಒಪ್ಪಿಕೊಂಡರು. ಅಪ್ರೂವ್ ಆದ ಐ-140 ಇದ್ದದ್ದರಿಂದ ಪ್ರಯಾರಿಟಿ ಡೇಟ್ ಉಳಿಯಿತು. ಆ ಕಾಗದ ಕ್ಯಾಲಿಫೋರ್ನಿಯಾದಲ್ಲಿದ್ದಾಗ ಆದದ್ದು.

ಹಾಗಾದರೆ ಜಾಸ್ತಿ ಟ್ಯಾಕ್ಸ್ ಇರುವ ಕಡೆ ಇರುವುದು ಲಾಭವೋ ನಷ್ಟವೋ? ನನ್ನ ಉತ್ತರ ಇದು. ಮಗು ಹುಟ್ಟುವ ವರ್ಷ, ಐ-140 ಆಗುವವರೆಗಿನ ವರ್ಷಗಳು, ಕೆಲಸ ಬದಲಾಯಿಸುತ್ತಾ ಮೇಲೆ ಬರುವ ವರ್ಷಗಳು, ಈ ಕಾಲಕ್ಕೆ ಆ ಟ್ಯಾಕ್ಸ್ ಕಟ್ಟಿದ್ದು ನಮಗೆ ಪೂರ್ತಿ ಉಪಯೋಗಕ್ಕೆ ಬಂತು. ಆ ದುಡ್ಡಿನ ಬಗ್ಗೆ ನನಗೆ ಎಳ್ಳಷ್ಟೂ ಬೇಸರ ಇಲ್ಲ. ಅದಾದ ಮೇಲೆ ಮನೆ ಬೇಕಾಯಿತು, ಅತ್ತೆ ಮಾವನಿಗೆ ಒಂದು ರೂಮ್ ಬೇಕಾಯಿತು. ಅದನ್ನು ಟೆಕ್ಸಸ್ ಕೊಟ್ಟಿತು. ಈಗ ಅವರು ಬಂದರೆ ಆರು ತಿಂಗಳು ಇರುತ್ತಾರೆ, ಹಿತ್ತಲಲ್ಲಿ ಬದನೆ, ಮೆಂತ್ಯ ಬೆಳೆಯುತ್ತಾರೆ. ಅದಕ್ಕೆ ಯಾವ ಟ್ಯಾಕ್ಸ್ ಕಾಲಂನಲ್ಲೂ ಜಾಗ ಇಲ್ಲ.

ಲೆಕ್ಕ ನಿಂತಲ್ಲೇ ನಿಲ್ಲುವುದೂ ಇಲ್ಲ. 2018ರಿಂದ ಸ್ಟೇಟ್ ಮತ್ತು ಪ್ರಾಪರ್ಟಿ ಟ್ಯಾಕ್ಸ್ ಎರಡೂ ಸೇರಿ 10 ಸಾವಿರ ಡಾಲರ್ ಮಾತ್ರ ಫೆಡರಲ್ ಆದಾಯದಿಂದ ಕಳೆಯಬಹುದಿತ್ತು. 2025ರಲ್ಲಿ ಆ ಮಿತಿ 40 ಸಾವಿರ ಆಯಿತು. ಸುಮಾರು 5 ಲಕ್ಷ ಡಾಲರಿಗಿಂತ ಜಾಸ್ತಿ ಆದಾಯದವರಿಗೆ ಅದು ಇಳಿಯುತ್ತಾ ಹೋಗುತ್ತದೆ, 2030ಕ್ಕೆ ಮತ್ತೆ 10 ಸಾವಿರ. ನಮ್ಮಷ್ಟೇ ಸಂಬಳ ಇದ್ದು ಫ್ರೀಮಾಂಟ್‌ನಲ್ಲಿ ಸಾಲ ಮಾಡಿ ಮನೆ ಕೊಂಡ ಗೆಳತಿಗೆ ಇದರಿಂದ ಫೆಡರಲ್ ಟ್ಯಾಕ್ಸ್‌ನಲ್ಲಿ ವರ್ಷಕ್ಕೆ 5–6 ಸಾವಿರ ಉಳಿಯುತ್ತದೆ. 2022ರಲ್ಲಿ ಹಾಕಿದ ಲೆಕ್ಕ ಹಿಡಿದುಕೊಂಡು ಈಗ ತೀರ್ಮಾನ ಮಾಡಬೇಡಿ.

ಕಳೆದ ತಿಂಗಳು ನನ್ನ ಚಿಕ್ಕಪ್ಪನ ಮಗಳು ನ್ಯೂಜೆರ್ಸಿಯ ಎಡಿಸನ್‌ನಿಂದ ಫೋನ್ ಮಾಡಿದ್ದಳು. ಸರಾಸರಿ ಪ್ರಾಪರ್ಟಿ ಟ್ಯಾಕ್ಸ್ ಬಿಲ್ 10 ಸಾವಿರ ಡಾಲರ್ ದಾಟಿದ ರಾಜ್ಯ ಅದು.

"ಅಕ್ಕಾ, ನಾವೂ ಡಾಲಸ್‌ಗೆ ಬಂದುಬಿಡ್ತೀವಿ. ಇಲ್ಲಿ ಟ್ಯಾಕ್ಸ್ ಕಟ್ಟಿ ಸಾಕಾಯ್ತು" ಅಂದಳು.

"ಐ-140 ಆಗಿದೆಯೇನೇ?" ಅಂತ ಕೇಳಿದೆ.

"ಇಲ್ಲ, ಪರ್ಮ್ ಹಾಕಿದ್ದಾರೆ, ಇನ್ನೂ ಬಂದಿಲ್ಲ."

ಆಮೇಲೆ ತಡೆದು, ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ ಅಂತ ಶುರು ಮಾಡಿ, ತನಗೆ ಮೂರು ತಿಂಗಳು ಅಂದಳು. ನ್ಯೂಜೆರ್ಸಿಯಲ್ಲೂ ಮಗುವಿನ ಜೊತೆ ಇರಲು 12 ವಾರ ಸ್ಟೇಟ್ ದುಡ್ಡು ಕೊಡುತ್ತದೆ. ಅವಳ ಸಂಬಳದಲ್ಲಿ ಅದಕ್ಕೆ ಇಷ್ಟು ವರ್ಷ ಕಟ್ ಆಗಿದೆ. ಅವಳು ಅದರ ಅರ್ಜಿ ಹೇಗಿರುತ್ತದೆ ಅಂತಲೇ ನೋಡಿರಲಿಲ್ಲ. ಇಬ್ಬರೂ ಫೋನಲ್ಲೇ ಕೂತು ಅದನ್ನು ಓದಿದೆವು. ಗಂಡನಿಗೂ ಸಿಗುತ್ತದೆ ಅಂತ ಗೊತ್ತಾದಾಗ ಅವನನ್ನೂ ಕರೆದು ಕೂರಿಸಿಕೊಂಡಳು. ಸದ್ಯ ಇಬ್ಬರೂ ಎಡಿಸನ್‌ನಲ್ಲೇ ಇರುತ್ತಾರೆ. ಪರ್ಮ್ ಬಂದ ಕೂಡಲೇ ಐ-140ಗೆ ಪ್ರೀಮಿಯಂ, ಅಂದರೆ ಜಾಸ್ತಿ ಫೀ ಕಟ್ಟಿ ಬೇಗ ತೀರ್ಮಾನ ಮಾಡಿಸುವ ಅರ್ಜಿ ಹಾಕಿಸು, ಅದು ಅಪ್ರೂವ್ ಆಗಿ 180 ದಿನ ಕಳೆಯಲಿ, ಆಮೇಲೆ ಮನೆ ನೋಡಲು ಬಾ ಅಂದಿದ್ದೇನೆ.